ಸೆಲ್ವರಾಜು ದನಿಯಲ್ಲಿ ಒಂದು ಫೋನು

ಭದ್ರಾವತಿಯ ಇಬ್ಬರು ಹಳೇ ಗೆಳೆಯರನ್ನು ಒಂದು ಮಾಡುತ್ತೇನೆಂದು ಹೊರಟು, ಇನ್ನೇನು ಕೂಡುವ ಹಂತಕ್ಕೆ ಬಂದಿದ್ದವರನ್ನು ಪೂರ್ತಿ ಬೇರೆ ಮಾಡಿದವನು ನಾನು. ಅದರಲ್ಲಿ ಬೇರೆ ಯಾರ ಪಾಲೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಕ್ಷೇಮ. ಇಲ್ಲದಿದ್ದರೆ ಮುಂದೆ ಬರುವ ತಮಾಷೆಗಳನ್ನು ಓದಿ ನೀವು ನನ್ನನ್ನು ಒಳ್ಳೆಯ ಹುಡುಗ ಎಂದುಕೊಂಡುಬಿಡುವ ಅಪಾಯವಿದೆ. ನನ್ನ ಅಜ್ಜಿ ಆ ತಪ್ಪನ್ನು ಬಹಳ ವರ್ಷ ಮಾಡಿದರು.

ಹೊಸದಾಗಿ ಕೆಲಸಕ್ಕೆ ಸೇರುವವರಿಗಾಗಿ ‘ನಿವೃತ್ತರ ಅನುಭವ’ ಬರೆದುಕೊಡು ಎಂದು ನಮ್ಮ ಸಂಸ್ಥೆಯವರು ಕೇಳಿದ್ದಾರೆ. ನಿವೃತ್ತರು ಎಂದರೆ ಬಿಳಿ ಮೀಸೆ, ಪೆನ್ಷನ್, ಬೆಳಗಿನ ವಾಕಿಂಗ್ ಇರಬೇಕು. ನನಗೆ ಮೂವತ್ತಮೂರು. ಮೀಸೆ ಇನ್ನೂ ಪೂರ್ತಿ ಬಂದಿಲ್ಲ ಎಂದು ನನ್ನ ತಂಗಿ ಹೇಳುತ್ತಾಳೆ. ಆದರೂ ಕೆಲಸ ಬಿಟ್ಟ ದಿನ ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಫೋಟೋ ತೆಗೆದರು. ಫೋಟೋದಲ್ಲಿ ನಾನು ಕ್ಯಾಮೆರಾ ಬಿಟ್ಟು ಪಕ್ಕದ ಬಾಗಿಲನ್ನು ನೋಡುತ್ತಿದ್ದೇನೆ. ಅದೊಂದು ಫೋಟೋದಲ್ಲಿ ಎಂದಲ್ಲ, ಎಲ್ಲದರಲ್ಲೂ ಹಾಗೆಯೇ.

ಕಾರಣವಿದೆ. ಕಾಲೇಜಿನ ಎರಡನೇ ವರ್ಷದಲ್ಲಿ ನನ್ನ ಎರಡೂ ಕಣ್ಣಿನ ನಡುಭಾಗ ಕೆಟ್ಟಿತು. ಸುತ್ತಲಿನದು ಕಾಣುತ್ತದೆ; ಯಾವುದನ್ನು ನೇರ ನೋಡುತ್ತೇನೋ ಅದೇ ಮಸುಕಾಗುತ್ತದೆ. ನಿಮ್ಮ ಮುಖ ನೋಡಬೇಕೆಂದರೆ ನಿಮ್ಮ ಕಿವಿಯ ಪಕ್ಕದ ಗೋಡೆ ನೋಡಬೇಕು. ಒಮ್ಮೆ ಹೆಣ್ಣು ನೋಡಲು ಹೋದಾಗ ಹುಡುಗಿಯನ್ನು ಚೆನ್ನಾಗಿ ನೋಡೋಣವೆಂದು ಪಕ್ಕಕ್ಕೆ ಕಣ್ಣಿಟ್ಟೆ. ಪಕ್ಕದಲ್ಲಿ ಅವಳ ತಾಯಿ ಕೂತಿದ್ದರು. ಉಪ್ಪಿಟ್ಟು ಮುಗಿಯುವುದರೊಳಗೆ ಸಂಬಂಧ ಮುಗಿದಿತ್ತು.

ಶಿವಮೊಗ್ಗದ ರವೀಂದ್ರನಗರದ ಒಂದು ಮನೆಯ ಮಹಡಿಯಲ್ಲಿ ಒಂದು ಸಣ್ಣ ಸಂಸ್ಥೆ ಇತ್ತು. ಅರೆಬರೆ ಕಾಣುವವರನ್ನು ಒಂದು ಕಡೆ ಸೇರಿಸುವುದು, ಮನೆ ಬಿಟ್ಟು ಹೊರಬರದವರನ್ನು ಹುಡುಕಿಕೊಂಡು ಹೋಗಿ ಮಾತಾಡಿಸುವುದು ಅದರ ಕೆಲಸ. ಅಲ್ಲಿ ‘ಜೊತೆಗಾರ’ ಎಂಬ ಹುದ್ದೆ ಖಾಲಿ ಇತ್ತು. ಅರ್ಹತೆ: ಅಭ್ಯರ್ಥಿಗೂ ಸರಿಯಾಗಿ ಕಾಣಬಾರದು. ನನ್ನ ಕಣ್ಣು ಕೆಟ್ಟಿದ್ದನ್ನು ಅರ್ಹತೆ ಎಂದು ಒಪ್ಪಿಕೊಂಡ ಮೊದಲ ಜಾಗ ಅದು. ಸೇರಿಕೊಂಡೆ.

ಈ ಕೆಲಸಕ್ಕೆ ಈಗ ಸೇರುತ್ತಿರುವವರು ಒಂದು ವಿಷಯ ತಿಳಿದಿರಬೇಕು. ಪೂರ್ತಿ ಕಾಣದವರ ಕೈಯಲ್ಲಿ ಬಿಳಿ ಕೋಲಿರುತ್ತದೆ, ಜನ ದಾರಿ ಬಿಡುತ್ತಾರೆ. ಅರ್ಧ ಕಾಣುವವರ ಪಾಡು ಬೇರೆ. ನೋಡಲು ಎಲ್ಲರ ಹಾಗೇ ಇರುತ್ತಾರೆ, ರಸ್ತೆ ದಾಟುತ್ತಾರೆ, ಬಸ್ ಹತ್ತುತ್ತಾರೆ. ಎದುರಿಗೆ ಬಂದ ಚಿಕ್ಕಪ್ಪನ ಗುರುತು ಮಾತ್ರ ಸಿಗುವುದಿಲ್ಲ. ನಮ್ಮ ಕಡೆ ಎದುರಿಗೆ ಸಿಕ್ಕವರನ್ನು ಮಾತಾಡಿಸದೆ ಹೋದರೆ ಅದು ಸಣ್ಣ ಅಪರಾಧವಲ್ಲ. ಯಾಕೆ ಮಾತಾಡಿಸಲಿಲ್ಲ ಎಂಬುದಕ್ಕೆ ಜಮೀನು, ಜಾತಿ, ಮಗನ ಸಂಬಳ, ಸೊಸೆಯ ತವರು ಎಲ್ಲವೂ ಕಾರಣವಾಗಿ ಬರುತ್ತವೆ; ಕಣ್ಣು ಮಾತ್ರ ಬರುವುದಿಲ್ಲ. “ಕೊಬ್ಬು ಬಂದಿದೆ ಮಾರಾಯ್ತಿ ಅವನಿಗೆ” ಎಂದು ಒಬ್ಬರು ಹೇಳುತ್ತಾರೆ, ಬೀದಿಯೇ ಒಪ್ಪುತ್ತದೆ. ಆಮೇಲೆ ಇವರು ಮದುವೆಗೆ ಹೋಗುವುದು ಬಿಡುತ್ತಾರೆ, ದೇವಸ್ಥಾನ ಬಿಡುತ್ತಾರೆ, ಕೊನೆಗೆ ಗೇಟಿನ ಬಳಿ ನಿಲ್ಲುವುದನ್ನೂ ಬಿಡುತ್ತಾರೆ.

ಮೊದಲ ವರ್ಷ ನಾನು ಒಂದು ಚೀಲ ಹೊತ್ತು ಮನೆಮನೆಗೆ ಹೋಗುತ್ತಿದ್ದೆ. ಚೀಲದಲ್ಲಿ ಭೂತಗನ್ನಡಿಗಳು, ಸಮಯ ಹೇಳುವ ಗಡಿಯಾರ, ದೊಡ್ಡ ಅಕ್ಷರದ ಕ್ಯಾಲೆಂಡರು. ನಾನು ಹೋದಲ್ಲೆಲ್ಲ ಕಾಫಿ ಕೊಟ್ಟು, ಭೂತಗನ್ನಡಿಯನ್ನು ಗೌರವದಿಂದ ತೆಗೆದುಕೊಂಡು, ದೇವರ ಕೋಣೆಯಲ್ಲಿಟ್ಟು, ಬಾಗಿಲಲ್ಲಿ ಮೆಲ್ಲಗೆ ಕೇಳುತ್ತಿದ್ದರು: “ನಮ್ಮ ಬೀದೀಲಿ ಇನ್ಯಾರಿಗಾದ್ರೂ ಹಿಂಗಾಗಿದ್ಯಾ?” ಅವರಿಗೆ ಬೇಕಾಗಿದ್ದು ಅದೊಂದು ಉತ್ತರ. ನನಗೆ ಅದು ಅರ್ಥವಾಗಲು ಬಹಳ ಗಾಜು ಖರ್ಚಾಯಿತು.

ನಮ್ಮ ಮೇಲಧಿಕಾರಿ ಗಿರಿಜಾ ಮೇಡಂ. ಶಾಲೆಯಲ್ಲಿ ಪಾಠ ಮಾಡಿ ಬಂದವರು. ನಮ್ಮೆಲ್ಲರನ್ನೂ ಐದನೇ ಕ್ಲಾಸಿನಲ್ಲೇ ಇಟ್ಟಿದ್ದರು. ಅವರ ಕಣ್ಣು ಚೆನ್ನಾಗಿತ್ತು, ಅಗತ್ಯಕ್ಕಿಂತ ಚೆನ್ನಾಗಿತ್ತು. ಅವರದೊಂದು ನಿಯಮ: ಕೂಟದ ಕೋಣೆಗೆ ಕಾಲಿಟ್ಟವರು ಮೊದಲು ಹೆಸರು ಹೇಳಬೇಕು. “ನಾನು ಜಯಮ್ಮ, ಬಂದೆ.” ಮಾತಾಡುವ ಮುಂಚೆ ಹೆಸರು, ಎದ್ದು ಹೋಗುವಾಗ ಹೆಸರು. ನಾನು ಮೊದಮೊದಲು “ನಾನು ಚೇತನ್, ಸೀನಿದೆ” ಎಂದೆಲ್ಲ ವರದಿ ಒಪ್ಪಿಸಿ ನಗಿಸುತ್ತಿದ್ದೆ. ಮೇಡಂ ನಗಲಿಲ್ಲ. “ಇಲ್ಲಿರೋರಿಗೆ ಮುಖ ಅನ್ನೋದು ದನಿನೇ ಕಣಪ್ಪ” ಎಂದರು. ಅವರ ದನಿಯಲ್ಲೇ ಆ ಮಾತನ್ನು ವಾರವಿಡೀ ಹೇಳಿಕೊಂಡು ತಿರುಗಿದೆ. ಎಲ್ಲರೂ ನಕ್ಕರು. ಮಾತು ಬಾಯಿಪಾಠವಾಯಿತು; ತಲೆಗೆ ಹೋಗಲಿಲ್ಲ.

ನನಗೆ ಇದ್ದದ್ದು ಅದೊಂದೇ ವಿದ್ಯೆ. ಮುಖ ಕಾಣದ ಮೇಲೆ ನಾನು ಜನರನ್ನು ದನಿಯಿಂದ ಹಿಡಿಯಲು ಕಲಿತೆ. ಹಿಡಿದದ್ದನ್ನು ಬಿಡಲಾಗದೆ ಅನುಕರಿಸತೊಡಗಿದೆ. ಬಸ್ ಕಂಡಕ್ಟರ್, ನಮ್ಮ ಕಣ್ಣಿನ ಡಾಕ್ಟರ್, ಗಿರಿಜಾ ಮೇಡಂ ಮೂಗು ಸೇದುವುದು, ನಮ್ಮಪ್ಪ ಸಿಟ್ಟು ಬಂದಾಗ ಇಂಗ್ಲಿಷ್ ಮಾತಾಡುವುದು. ಕೂಟಕ್ಕೆ ಹೊಸದಾಗಿ ಬಂದು ಮೂಲೆಯಲ್ಲಿ ಮುದುಡಿ ಕೂತವರು ಅದನ್ನು ಕೇಳಿ ನಗುತ್ತಿದ್ದರು. ಒಮ್ಮೆ ನಕ್ಕವರು ಮತ್ತೆ ಬರುತ್ತಿದ್ದರು. ಹಾಗಾಗಿ ಅದನ್ನು ನಾನು ಕೆಲಸದ ಭಾಗ ಎಂದೇ ತಿಳಿದೆ.

ರೊಟ್ಟಿ ಮಾಡಿ ಮಾರುವ ಜಯಮ್ಮ ನಮ್ಮ ಕೂಟದ ಹಳಬರು, ಸಕ್ಕರೆ ಕಾಯಿಲೆಯಿಂದ ಕಣ್ಣು ಹಾಳಾದವರು. ಒಂದು ಸಲ ಅವರ ದನಿಯಲ್ಲಿ “ನಾನು ಜಯಮ್ಮ, ಹೊರಟೆ” ಎಂದುಬಿಟ್ಟೆ. ಅವರ ಜೊತೆ ದಿನವೂ ಆಟೋ ಹಂಚಿಕೊಳ್ಳುತ್ತಿದ್ದ ಮೇಷ್ಟ್ರು, ಜಯಮ್ಮ ಹೋದರೆಂದು ತಾವೂ ಹೊರಟುಹೋದರು. ಜಯಮ್ಮ ಒಳಗೆ ಚಹಾ ಲೋಟ ತೊಳೆಯುತ್ತಿದ್ದರು. ಹೊರಗೆ ಬಂದರೆ ಜೊತೆಯಿಲ್ಲ. ನಾನೇ ಮನೆತನಕ ಬಿಟ್ಟು ಬಂದೆ. ಗೇಟಿನ ಬಳಿ ಅವರು ಹೇಳಿದರು: “ಪಕ್ಕದ ಮನೆಯೋರು ಸಕ್ಕರೆ ಬೇಕಾದ್ರೂ ಕೇಳಿ ತಗೊಂಡ್ ಹೋಗ್ತಾರೆ ಕಣೋ. ನೀನು ನನ್ ದನಿ ಹೇಳ್ದೆ ಕೇಳ್ದೆ ತಗೊಂಡ್ ಹೋದೆ.” ಆ ಮಾತನ್ನೂ ಮಾರನೇ ದಿನ ಅವರ ದನಿಯಲ್ಲೇ ಎಲ್ಲರಿಗೂ ಹೇಳಿದೆ. ನನ್ನಂಥವನಿಗೆ ಬುದ್ಧಿ ಹೇಳುವುದೆಂದರೆ ನನಗೊಂದು ಹೊಸ ಐಟಂ ಕೊಟ್ಟಂತೆ.

ತ್ಯಾವರೆಕೊಪ್ಪದ ಸಫಾರಿಗೆ ಕೂಟದವರನ್ನೆಲ್ಲ ಕರೆದುಕೊಂಡು ಹೋದದ್ದೂ ನನ್ನದೇ ಯೋಜನೆ. ಕಾಣದವರನ್ನು ಸಿಂಹ ನೋಡಲು ಕರೆದೊಯ್ಯುವ ಐಡಿಯಾ ಯಾರಿಗೆ ಬರುತ್ತದೆ ಎಂದು ಮೇಡಂ ಕೇಳಿದರು. ನನಗೆ ಬಂತು. ಗಾಡಿ ನಿಂತಿತು, “ಅಲ್ಲಿ ನೋಡಿ, ಮರದ ಕೆಳಗೆ” ಎಂದರು ಡ್ರೈವರ್. ನಮ್ಮವರ ಮುಖಗಳು ಒಂದೊಂದು ದಿಕ್ಕಿಗೆ ತಿರುಗಿದವು. ಕಾಣಲಿಲ್ಲ ಎಂದು ಯಾರೂ ಅನ್ನಲಿಲ್ಲ. “ಹೌದು ಹೌದು, ದೊಡ್ಡದಿದೆ” ಎಂದರು. ಆ ಸುಳ್ಳು ಕೇಳಿ ನನಗೆ ಸಂಕಟವಾಗಿ, ಹಿಂದಿನ ಸೀಟಿನಿಂದ ತಲೆ ತಗ್ಗಿಸಿ ಒಂದು ಗರ್ಜನೆ ಹಾಕಿದೆ. ಗಾಡಿಯೇ ಸಂಭ್ರಮಪಟ್ಟಿತು. ಜಯಮ್ಮ ಇವತ್ತಿಗೂ ರೊಟ್ಟಿ ಕೊಳ್ಳಲು ಬಂದವರಿಗೆಲ್ಲ ಸಿಂಹದ ಗರ್ಜನೆ ಕೇಳಿದ ಕಥೆ ಹೇಳುತ್ತಾರೆ. ಜಯಮ್ಮ, ಇದನ್ನು ಯಾರಾದರೂ ನಿಮಗೆ ಓದಿ ಹೇಳಿದರೆ ಕ್ಷಮಿಸಿ. ಸಿಂಹ ಬಾಯಿ ತೆರೆದದ್ದು ನಿಜವಂತೆ. ಆಕಳಿಕೆಗೆ.

ಈ ನಡುವೆ ಕೆಲಸದ ರೀತಿಯೂ ಬದಲಾಯಿತು. ಚೀಲ ಹೋಗಿ ಫೋನು ಬಂತು. ಹೊರಗೆ ಬರಲಾಗದವರನ್ನೆಲ್ಲ ಭಾನುವಾರ ಬೆಳಿಗ್ಗೆ ಒಂದೇ ಕರೆಯಲ್ಲಿ ಸೇರಿಸುತ್ತಿದ್ದೆವು. ಆಮೇಲೆ ದನಿ ಸಂದೇಶಗಳು ಬಂದವು. ಈಗ ಫೋನೇ ಪತ್ರ ಓದುತ್ತದೆ, ಎದುರಿಗಿರುವ ನೋಟು ಯಾವುದೆಂದು ಹೇಳುತ್ತದೆ. ಒಳ್ಳೆಯದೇ. ಆದರೆ ಕೂಟವೆಲ್ಲ ಫೋನಿಗೆ ಬಂದ ಮೇಲೆ ಮೇಡಂ ನಿಯಮ ಇನ್ನಷ್ಟು ಬಿಗಿಯಾಗಬೇಕಿತ್ತು. ಅದನ್ನು ನೋಡಿಕೊಳ್ಳುವ ಕೆಲಸ ಅವರು ನನಗೇ ವಹಿಸಿದ್ದರು.

ಇನ್ನು ಭದ್ರಾವತಿಯ ವಿಷಯ. ಹೆಸರು, ಬೀದಿ, ಕೆಲಸದ ಜಾಗ ಮೂರನ್ನೂ ಬದಲಿಸಿದ್ದೇನೆ.

ನ್ಯೂಟೌನ್ ಕಡೆಯ ರುದ್ರಪ್ಪ ಒಂದು ಖಾಸಗಿ ಎರಕದ ಕಾರ್ಖಾನೆಯಲ್ಲಿ ಕ್ರೇನ್ ಓಡಿಸುತ್ತಿದ್ದವರು. ಅವರ ಕಾಯಿಲೆ ನನ್ನದಕ್ಕೆ ತಿರುಗುಮುರುಗು. ಸುತ್ತಲಿನಿಂದ ಕತ್ತಲೆ ಸರಿದು ಬಂದು, ಕೊಳವೆಯಲ್ಲಿ ನೋಡಿದಂತೆ ನಡುವೆ ಇಷ್ಟೇ ಇಷ್ಟು ಉಳಿದಿತ್ತು. ಬೆನ್ನುನೋವು ಎಂದು ಹೇಳಿ ಬೇಗ ಕೆಲಸ ಬಿಟ್ಟು ಮನೆ ಸೇರಿದವರು ಹೊರಗೆ ಬಂದಿರಲಿಲ್ಲ. ಅವರ ಹೆಂಡತಿ ಪಾರ್ವತಮ್ಮ ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದುಕೊಂಡು, “ಒಂದ್ಸಲ ಬಂದು ಮಾತಾಡ್ಸಪ್ಪ, ಗೋಡೆ ಜೊತೆ ಸಂಸಾರ ಮಾಡ್ತಾ ಇದಾರೆ” ಎಂದಿದ್ದರು.

ಹೋದೆ. ಕೂಟಕ್ಕೆ ಬನ್ನಿ ಎಂದೆ.

“ಕುರುಡರ ಸಂಘಕ್ಕೆ ನಾನ್ಯಾಕಪ್ಪ? ನಂಗೆ ಕಾಣುತ್ತಲ್ಲ. ನಿನ್ನ ಮೂಗು ಕಾಣ್ತಾ ಇದೆ.”

“ನಂಗೆ ನಿಮ್ಮ ಮೂಗು ಬಿಟ್ಟು ಮಿಕ್ಕಿದ್ದೆಲ್ಲ ಕಾಣುತ್ತೆ ಸಾರ್. ಇಬ್ರೂ ಸೇರಿದ್ರೆ ಒಬ್ಬ ಮನುಷ್ಯನ್ನ ಪೂರ್ತಿ ನೋಡಬಹುದು.”

ರುದ್ರಪ್ಪ ನಕ್ಕರು. ಒಳಗಿನಿಂದ ಪಾರ್ವತಮ್ಮ ಓಡಿಬಂದರು, ಆ ನಗು ಕೇಳಿ ಎಷ್ಟು ದಿನವಾಗಿತ್ತೋ. ಅಂದಿನಿಂದ ವಾರಕ್ಕೊಮ್ಮೆ ಶಿವಮೊಗ್ಗದಿಂದ ಬಸ್ಸು ಹಿಡಿದು ಹೋಗತೊಡಗಿದೆ. ಅವರು ಮಾತಾಡುತ್ತಿದ್ದದ್ದು ಒಬ್ಬನ ಬಗ್ಗೆ ಮಾತ್ರ: ಸೆಲ್ವರಾಜು. ಕ್ರೇನಿನ ಕೆಳಗೆ ನಿಂತು ಕೈಸನ್ನೆ ಮಾಡುತ್ತಿದ್ದ ಜೊತೆಗಾರ. ಆ ಗದ್ದಲದಲ್ಲಿ ಮಾತು ಕೇಳದು. ಕೆಳಗಿನವನು ಕೈ ಎತ್ತಿದರೆ ಮೇಲಿನವನು ನಿಲ್ಲಿಸಬೇಕು, ಬೆರಳು ತಿರುಗಿಸಿದರೆ ಇಳಿಸಬೇಕು. “ಅವನ ಮುಖಕ್ಕಿಂತ ಅವನ ಕೈನೇ ಜಾಸ್ತಿ ನೋಡಿದೀನಿ” ಎನ್ನುತ್ತಿದ್ದರು.

“ಈಗ ಯಾಕೆ ಬರಲ್ಲ ಅವರು?”

“ಸಿಟ್ಟು ಬಂದಿದೆ ಅವನಿಗೆ. ಅವನೇ ಒಂದು ಮಾತು ಕರೆದ್ರೆ ಎದ್ದು ಹೋಗ್ತೀನಿ. ನಾನಾಗಿ ಹೋಗಕ್ಕೆ ಕಾಲು ಬರಲ್ಲ.”

ಸೆಲ್ವರಾಜು ಸಿಕ್ಕಿದ್ದು ಹಳೇನಗರದ ಒಂದು ಚಹಾದಂಗಡಿಯಲ್ಲಿ. ದಿನ ಬೆಳಗಾದರೆ ಅಲ್ಲೇ ಕೂರುತ್ತಿದ್ದರು. ಪ್ರತಿ ಮಾತಿಗೂ ಮೊದಲು ಒಂದು ಒಣಕೆಮ್ಮು, ಆಮೇಲೆ ಕಾರ್ಖಾನೆಯ ಗದ್ದಲದ ಮೇಲೆ ಕೂಗಿದಂಥ ಕನ್ನಡ, ಅಂಚಿನಲ್ಲಿ ತಮಿಳು.

“ಯಾರು, ರುದ್ರುನಾ? ಅವರು ದೊಡ್ಡೋರು ಪಾ! ಮಾರ್ಕೆಟ್‌ನಲ್ಲಿ ಕೈ ಎತ್ತಿದೆ. ನಿಲ್ಲಿಸು ಅಂತ ಕೆಲಸದಲ್ಲಿ ಮಾಡ್ತಿದ್ನಲ್ಲ, ಅದೇ ಸನ್ನೆ. ಪಕ್ಕದಲ್ಲೇ ಹೋದ. ಅವನ ಷರ್ಟು ನನ್ ಕೈಗೆ ತಗಲ್ತು. ತಿರುಗಿ ನೋಡ್ಲಿಲ್ಲ. ಅಷ್ಟು ವರ್ಷ ನನ್ ಕೈ ನೋಡಿ ಸಂಬಳ ತಗೊಂಡ ಮನುಷ್ಯ!”

ಒಬ್ಬರ ಕಣ್ಣಿನ ವಿಷಯ ಅವರ ಒಪ್ಪಿಗೆಯಿಲ್ಲದೆ ಇನ್ನೊಬ್ಬರಿಗೆ ಹೇಳಬಾರದು ಎಂಬುದು ನಮ್ಮ ಇನ್ನೊಂದು ನಿಯಮ. ಅದನ್ನು ನಾನು ನಿಷ್ಠೆಯಿಂದ ಪಾಲಿಸಿದೆ. “ಏನೋ ಕಾರಣ ಇದ್ದಿರಬಹುದು ಸಾರ್” ಎಂದಷ್ಟೇ ಹೇಳಿದೆ.

“ಇದ್ರೆ ಬಂದು ಹೇಳಲಿ. ಬಾಯಿ ಇಲ್ವಾ ಅವನಿಗೆ?”

ನ್ಯಾಯವಾದ ಮಾತು. ಆದರೆ ಅವನು ಕರೆಯಲಿ ಎಂದು ಇವನು, ಇವನು ಬರಲಿ ಎಂದು ಅವನು ಕಾಯುತ್ತ ಕೂತರೆ ಇಬ್ಬರೂ ಹಾಗೇ ಮುದುಕರಾಗಿಬಿಡುತ್ತಾರೆ ಎನಿಸಿತು. ಒಂದೇ ಒಂದು ಕರೆ ಸಾಕಿತ್ತು. ವಾಪಸು ಬಸ್ಸಿನಲ್ಲಿ ಬರುವಾಗ ನನ್ನ ಗಂಟಲಿನಲ್ಲಿ ಆ ಒಣಕೆಮ್ಮು ತಾನಾಗಿ ಬಂತು. ಪಕ್ಕದ ಹೆಂಗಸು ಸೀಟು ಬದಲಿಸಿದರು.

ರವೀಂದ್ರನಗರದ ಕೋಣೆಯಲ್ಲಿ ಆ ದನಿಯನ್ನು ತಿದ್ದಿದೆ, ತೀಡಿದೆ. ಜಯಮ್ಮ ಅಲ್ಲೇ ಕೂತು ರೊಟ್ಟಿ ಪೊಟ್ಟಣ ಕಟ್ಟುತ್ತಿದ್ದರು. “ಇದ್ಯಾರೋ ಹೊಸಬ್ರು?” ಎಂದರು. ಭದ್ರಾವತಿಯ ಒಬ್ಬರು ಎಂದೆ, ಯಾಕೆ ಎಂದು ಹೇಳಲಿಲ್ಲ. “ಗಂಟಲು ಕೆಡುತ್ತೆ, ಬಿಸಿನೀರು ಕುಡಿ” ಎಂದರು.

ನನ್ನ ನಂಬರು ಗೊತ್ತಾಗದಿರಲೆಂದು ತಂಗಿಯ ಫೋನಿನಿಂದ ರುದ್ರಪ್ಪನವರಿಗೆ ಕರೆ ಮಾಡಿದೆ.

ಕೆಮ್ಮಿದೆ. “ಲೇ ರುದ್ರು. ನಾನ್ ಕಣೋ.”

ಆ ಕಡೆ ಕುರ್ಚಿ ಸರಿದ ಸದ್ದು. “ಸೆಲ್ವಾ?”

“ಭಾನುವಾರ ಏನೋ ಸೇರ್ತಾರಂತಲ್ಲ, ಆ ಹುಡ್ಗ ಹೇಳ್ದ. ಬಾ ಪಾ. ನಾನೂ ಬರ್ತೀನಿ.”

ನಾನು ಅಂದುಕೊಂಡಿದ್ದು ಅಷ್ಟೇ. ಅಲ್ಲಿಗೆ ಫೋನು ಇಡಬೇಕಿತ್ತು. ಆದರೆ ರುದ್ರಪ್ಪ, “ಇಡಬೇಡ ಸೆಲ್ವಾ, ಇಡಬೇಡ, ಒಂದು ಮಾತಿದೆ” ಎಂದರು.

ಆಮೇಲೆ ಅವರು ಹೇಳಿದ್ದು ನನಗೆ ಹೇಳಿದ್ದಲ್ಲ.

“ಆವತ್ತು ಅಚ್ಚು ಎತ್ತೋವಾಗ ಸರಪಣಿ ನಿನ್ನ ತಲೆ ಪಕ್ಕ ಬೀಸಿಕೊಂಡು ಹೋಯ್ತಲ್ಲ. ಬ್ರೇಕ್ ಹಿಡೀಲಿಲ್ಲ ಅಂದೆ ನಾನು. ಬ್ರೇಕ್ ಸರಿಯಾಗೇ ಇತ್ತು ಕಣೋ. ನಿನ್ನ ಕೈ ಕಾಣ್ಲಿಲ್ಲ ನಂಗೆ. ಆ ಹೊತ್ತಿಗಾಗ್ಲೇ ಕಣ್ಣು ಹೋಗ್ತಾ ಇತ್ತು. ಕೆಳಗಿಳಿದು ಬಂದು ಹೇಳಕ್ಕೆ ಧೈರ್ಯ ಬರ್ಲಿಲ್ಲ. ಅಂದಾಜಿನ ಮೇಲೆ ಓಡಿಸ್ತಿದ್ದೆ. ನಿನ್ನ ತಲೆ ಮೇಲೆ ಅಂದಾಜು ಮಾಡಿದೋನು ನಾನು.” ಉಸಿರು ತೆಗೆದುಕೊಂಡರು. “ಮಾರ್ಕೆಟ್‌ನಲ್ಲಿ ನೀನು ಇದ್ದೆ ಅಂತ ಪಾರ್ವತಿ ಆಮೇಲೆ ಹೇಳಿದ್ಲು. ದೇವರಾಣೆ ಕಾಣ್ಲಿಲ್ಲ. ಏನಾದ್ರೂ ಅನ್ನೋ ಸೆಲ್ವಾ. ಬೈಯೋ.”

ಫೋನಿಟ್ಟುಬಿಡಬಹುದಿತ್ತು. ನಾನು ಚೇತನ್ ಎನ್ನಬಹುದಿತ್ತು. ನಿಯಮ ಅಷ್ಟೇ ತಾನೇ, ಮೊದಲು ಹೆಸರು. ಆ ಮನುಷ್ಯ ಕಾಯುತ್ತಿದ್ದಾರೆ, ಏನಾದರೂ ಹೇಳಲೇಬೇಕು ಎನಿಸಿತು. ಕೆಮ್ಮಿದೆ.

“ಬಿಡೋ ಲೇ. ಆಗಿದ್ದಾಯ್ತು.”

ರುದ್ರಪ್ಪ ಅತ್ತರು. ಸರಪಣಿ ಬೀಸಿದ್ದು ನನ್ನ ತಲೆಯ ಪಕ್ಕ ಅಲ್ಲ. ಅದನ್ನು ಮನ್ನಿಸಿ ಬಿಡಲು ನಾನು ಯಾರು? ಆದರೆ ಬಿಟ್ಟೆ, ಅದೂ ಎಷ್ಟು ಚೆನ್ನಾಗಿ! ಇಡೀ ವೃತ್ತಿಜೀವನದಲ್ಲಿ ಅಷ್ಟು ನಿಖರವಾಗಿ ಯಾರ ದನಿಯನ್ನೂ ಮಾಡಿರಲಿಲ್ಲ.

ಮಾರನೇ ದಿನ ಚಹಾದಂಗಡಿಗೆ ಹೋಗಿ ಸೆಲ್ವರಾಜು ಅವರಿಗೆ, “ರುದ್ರಪ್ಪ ಸಾರ್ ಭಾನುವಾರ ಬರ್ತಾರೆ, ನಿಮಗೆ ಏನೋ ಹೇಳ್ಬೇಕಂತೆ” ಎಂದೆ. “ಅವನೇ ಹೇಳ್ತಾನಾ?” ಎಂದು ಎರಡು ಸಲ ಕೇಳಿದರು. ಭಾನುವಾರದೊಳಗೆ ರುದ್ರಪ್ಪನವರ ಮನೆಗೆ ಹೋಗಿ ನಿಜ ಹೇಳಲು ಬೇಕಾದಷ್ಟು ಸಮಯವಿತ್ತು. ಹೋಗಲಿಲ್ಲ. ಇಬ್ಬರೂ ಕೈ ಹಿಡಿದ ಮೇಲೆ ಫೋನು ಯಾರು ಮಾಡಿದರೆಂದು ಯಾರು ಕೇಳುತ್ತಾರೆ ಎಂದುಕೊಂಡೆ.

ಆ ಸಲದ ಕೂಟ ನ್ಯೂಟೌನಿನ ಒಂದು ಶಾಲೆಯ ಕೊಠಡಿಯಲ್ಲಿ. ಶಿವಮೊಗ್ಗದಿಂದಲೂ ನಮ್ಮವರು ಬಸ್ಸಿನಲ್ಲಿ ಬಂದಿದ್ದರು. ರುದ್ರಪ್ಪ ಪಾರ್ವತಮ್ಮನ ಭುಜ ಹಿಡಿದು ಒಳಗೆ ಬಂದು ಬಾಗಿಲಲ್ಲಿ ನಿಂತರು. ನಿಯಮವನ್ನು ನಾನೇ ಹೇಳಿಕೊಟ್ಟಿದ್ದೆ.

“ನಾನು ರುದ್ರಪ್ಪ. ಬಂದೆ.”

ಅಷ್ಟು ಜನರ ನಡುವೆ, ಅಷ್ಟು ಗಟ್ಟಿಯಾಗಿ. ಹೊಸಬರಿಗೆ ಆ ಎರಡು ಮಾತು ಬರಲು ತಿಂಗಳುಗಳು ಬೇಕಾಗುತ್ತವೆ. ಎಲ್ಲರೂ ಬನ್ನಿ ಬನ್ನಿ ಎಂದರು. ನಾನು ಅವರನ್ನು ಕರೆದುಕೊಂಡು ಹೋಗಿ ಕಿಟಕಿಯ ಬಳಿ ಕೂತಿದ್ದ ಸೆಲ್ವರಾಜು ಪಕ್ಕ ಕೂರಿಸಿದೆ. ರುದ್ರಪ್ಪ ತಡಕಾಡಿ ಅವರ ಕೈ ಹಿಡಿದರು. ಇಸ್ತ್ರಿ ಮಾಡಿದ ಅಂಗಿಯಲ್ಲಿ ಬೆನ್ನು ಸೆಟೆಸಿ ಕೂತಿದ್ದ ಸೆಲ್ವರಾಜು ಕೈ ಬಿಡಿಸಿಕೊಳ್ಳಲಿಲ್ಲ. ಕೆಮ್ಮಿ, ಎಲ್ಲರೂ ಹೇಳುತ್ತಿದ್ದಾರಲ್ಲ ಎಂದು ತಾವೂ ಗಟ್ಟಿಯಾಗಿ ಹೇಳಿದರು: “ನಾನ್ ಸೆಲ್ವರಾಜು ಪಾ.”

ಕೋಣೆಯ ಆ ತುದಿಯಿಂದ ಜಯಮ್ಮ ಜೋರಾಗಿ ನಕ್ಕರು.

“ಲೇ ಚೇತು, ಇಲ್ಲೂ ಶುರು ಮಾಡಿದ್ಯೇನೋ? ಆವತ್ತು ಕೆಮ್ಮಿ ಕೆಮ್ಮಿ ಕಲೀತಾ ಇದ್ದ ದನಿ ಅಲ್ವಾ ಇದು?”

ಅವರಿಗೆ ನಿಜವಾದ ಸೆಲ್ವರಾಜು ಗೊತ್ತಿರಲಿಲ್ಲ. ಅವರ ಪಾಲಿಗೆ ಆ ದನಿ ನನ್ನದೇ. ನನ್ನ ಆಟ ಗೊತ್ತಿದ್ದ ಉಳಿದವರೂ ನಕ್ಕರು. ಒಂದಿಬ್ಬರು ಚಪ್ಪಾಳೆ ತಟ್ಟಿದರು.

ರುದ್ರಪ್ಪ ನಗಲಿಲ್ಲ. ಹಿಡಿದ ಕೈಯನ್ನು ಹಾಗೇ ಇಟ್ಟುಕೊಂಡು ಕೇಳಿದರು: “ಸೆಲ್ವಾ, ನೀನು ನಂಗೆ ಫೋನ್ ಮಾಡಿದ್ಯಾ?”

“ನಾನಾ? ಇಲ್ಲ ಪಾ. ನಿನ್ ನಂಬರೇ ಇಲ್ಲ ನನ್ ಹತ್ರ.”

ರುದ್ರಪ್ಪ ಕೈ ಬಿಟ್ಟರು.

“ನೀನೇ ಏನೋ ಹೇಳ್ಬೇಕು ಅಂದ್ಯಂತಲ್ಲ,” ಎಂದರು ಸೆಲ್ವರಾಜು. ದನಿ ಮೆತ್ತಗಾಗಿತ್ತು. “ಹೇಳು. ಅದಕ್ಕೇ ಬಂದೆ.”

ರುದ್ರಪ್ಪನವರ ಬಾಯಿ ತೆರೆದದ್ದು ನನಗೆ ಕಂಡಿತು; ನಾನು ಅವರ ಪಕ್ಕದ ಗೋಡೆ ನೋಡುತ್ತಿದ್ದೆ. ಕೊನೆಗೆ, “ಏನಿಲ್ಲ. ಬೆನ್ನು ನೋಯ್ತಾ ಇದೆ. ಪಾರ್ವತಿ, ನಡಿ” ಎಂದರು. ಬಾಗಿಲಲ್ಲಿ ನಿಂತರು.

“ನಾನು ರುದ್ರಪ್ಪ. ಹೊರಟೆ.”

ಮೆಟ್ಟಿಲನ್ನು ಅವರು ಕಾಲಿನಿಂದ ಹುಡುಕುತ್ತ ಇಳಿಯುವುದನ್ನು ಸೆಲ್ವರಾಜು ಕಿಟಕಿಯಿಂದ ನೋಡಿದರು. ನನ್ನ ಕಡೆ ತಿರುಗಿ, “ಅವನಿಗೆ ಕಣ್ಣು...?” ಎಂದರು. ನಾನು ನಿಯಮದ ಪ್ರಕಾರ ಸುಮ್ಮನಿದ್ದೆ. “ಅದನ್ನ ಅವನು ಹೇಳಿದ್ರೆ ನಾನೇನ್ ನಗ್ತಿದ್ನಾ?” ಎಂದರು. ಆಮೇಲೆ ಒಂದೆರಡು ಸಲ ರುದ್ರಪ್ಪನವರ ಮನೆಗೂ ಹೋದರಂತೆ. ಮಲಗಿದಾರೆ ಎಂದು ಪಾರ್ವತಮ್ಮ ಹೇಳಬೇಕಾಯಿತು. ಮತ್ತೆ ಹೋಗಲಿಲ್ಲ. ಕಣ್ಣಿನ ವಿಷಯ ಸೆಲ್ವರಾಜುಗೆ ಹೇಗೋ ಗೊತ್ತಾಯಿತು. ಬ್ರೇಕಿನ ವಿಷಯ ಗೊತ್ತಿಲ್ಲ. ಅವರಿಗೆ ಸೇರಬೇಕಾದ ಮಾತು ನನ್ನ ಹತ್ತಿರ ಉಳಿದುಬಿಟ್ಟಿದೆ. ನಾನದನ್ನು ಕೊಡುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ.

ಗಿರಿಜಾ ಮೇಡಂಗೆ ಎಲ್ಲವನ್ನೂ ಹೇಳಿದೆ. ಬೈಯುತ್ತಾರೆಂದು ಕಾದೆ. ಅವರು ಪೆನ್ನನ್ನು ಮೇಜಿನ ಮೇಲಿಟ್ಟ ಸದ್ದಾಯಿತು. “ಅವನ ಪರವಾಗಿ ನೀನೇ ಕ್ಷಮಿಸಿಬಿಟ್ಯಾ?” ಎಂದರು. ಕೆಲಸದಿಂದ ತೆಗೆಯಲಿಲ್ಲ.

ತೆಗೆದದ್ದು ಕೂಟದವರು, ಅವರಿಗೇ ಗೊತ್ತಿಲ್ಲದೆ. ಸುದ್ದಿ ಹರಡಿದ ಮೇಲೆ ನಾನು ಫೋನು ಮಾಡಿ “ನಾನು ಚೇತನ್” ಎಂದರೆ, “ನೀನೇನಾ? ನಮ್ಮನೇಲಿ ಮೊನ್ನೆ ಏನು ತಿಂದೆ ಹೇಳು ನೋಡೋಣ” ಎಂದು ಪರೀಕ್ಷೆ ಮಾಡುವರು. ನನ್ನನ್ನಷ್ಟೇ ಅಲ್ಲ, ಒಬ್ಬರನ್ನೊಬ್ಬರೂ ಪರೀಕ್ಷಿಸತೊಡಗಿದರು. ಮೇಷ್ಟ್ರು ಕರೆ ಮಾಡಿದರೆ, ಮೇಷ್ಟ್ರೇ ಹೌದೋ ಅಲ್ಲವೋ ಎಂದು ಜಯಮ್ಮ ಮಗ್ಗಿ ಹೇಳಿಸುತ್ತಿದ್ದರು. ಮೊದಲಿಗೆ ಅದು ತಮಾಷೆಯಾಗಿತ್ತು. ಕ್ರಮೇಣ ಭಾನುವಾರದ ಕರೆಗೆ ಜನ ಕಡಿಮೆಯಾದರು. ಮುಖ ಕಾಣದ ಜನಕ್ಕೆ ನಂಬಲು ಇದ್ದದ್ದೇ ಒಂದು, ಅದನ್ನು ನಾನು ಸಡಿಲ ಮಾಡಿದ್ದೆ. ನಾನು ಹೊರಗೆ ಹೋದರೆ ಅದು ಬಿಗಿಯಾದೀತೆಂದು ರಾಜೀನಾಮೆ ಕೊಟ್ಟೆ. ಈಗ ಅಪ್ಪನ ಸೈಕಲ್ ಅಂಗಡಿಯಲ್ಲಿ ಕೂರುತ್ತೇನೆ. ಟೈರಿನ ಗಾಳಿ ಹೋಗುವ ಸದ್ದನ್ನು ಬಿಟ್ಟು ಬೇರೆ ಯಾವುದನ್ನೂ ಅನುಕರಿಸುವುದಿಲ್ಲ. ಕೂಟಕ್ಕೆ ಜನ ಮತ್ತೆ ಬರುತ್ತಿದ್ದಾರೆಂದು ಜಯಮ್ಮ ಹೇಳಿದರು. ಹೇಳುವ ಮುಂಚೆ ನನ್ನ ಅಜ್ಜಿಯ ಹೆಸರು ಕೇಳಿದರು.

ಹೊಸದಾಗಿ ಸೇರುವವರೇ, ನಿಮಗೂ ಯಾವುದಾದರೂ ವಿದ್ಯೆ ಇರುತ್ತದೆ. ಹಾಡು, ಹಾಸ್ಯ, ಜಾದೂ. ಅದನ್ನು ಕಂಡು ಜನ ನಗುತ್ತಾರೆ, ಹತ್ತಿರ ಬರುತ್ತಾರೆ. ಇಬ್ಬರು ಒಬ್ಬರಿಗೊಬ್ಬರು ಮಾತಾಡುವಂತೆ ಮಾಡುವುದು ನಿಮ್ಮ ಕೆಲಸ. ಅವರು ತಡವರಿಸುತ್ತಾರೆ, ತಿಂಗಳುಗಟ್ಟಲೆ ಸುಮ್ಮನಿರುತ್ತಾರೆ, ನೋಡಲಾಗುವುದಿಲ್ಲ. ಆದರೂ ಮಾತು ಅವರದೇ ಆಗಿರಲಿ. ಕಾಯಿರಿ. ನನಗೆ ಕಾಯಲು ಬರಲಿಲ್ಲ.

ಶಾಲು ಹೊದಿಸಿಕೊಂಡ ಮಾರನೇ ದಿನ ರುದ್ರಪ್ಪನವರ ಮನೆಗೆ ಹೋಗಿದ್ದೆ. ಪಾರ್ವತಮ್ಮ ಬಾಗಿಲು ತೆಗೆದು ಪಕ್ಕಕ್ಕೆ ಸರಿದರು. ರುದ್ರಪ್ಪ ಪಡಸಾಲೆಯಲ್ಲಿ ರೇಡಿಯೋ ಹಾಕಿಕೊಂಡು ಕೂತಿದ್ದರು.

“ನಾನು ಚೇತನ್. ಬಂದೆ.”

ರೇಡಿಯೋ ಆರಿಸಿದರು. ತಪ್ಪಾಯಿತು ಎಂದೆ. ಅಳು ಬಂತು, ನನ್ನದೇ ದನಿಯಲ್ಲಿ ಅತ್ತು ಬಹಳ ದಿನವಾಗಿತ್ತು. ಅವರು ಪೂರ್ತಿ ಕೇಳಿಸಿಕೊಂಡರು. ಧೈರ್ಯ ಮಾಡಿ ಮುಂದುವರಿಸಿದೆ: “ಸೆಲ್ವರಾಜು ಸಾರ್ ದಿನಾ ಬೆಳಿಗ್ಗೆ ಆ ಚಹಾದಂಗಡೀಲೇ ಇರ್ತಾರೆ. ನಾನು ಕರ್ಕೊಂಡ್ ಹೋಗ್ತೀನಿ ಸಾರ್, ದೂರ ನಿಂತಿರ್ತೀನಿ. ಆವತ್ತು ಫೋನಲ್ಲಿ ಹೇಳಿದ್ರಲ್ಲ, ಅದನ್ನೇ ಇನ್ನೊಂದ್ಸಲ ಹೇಳಿ. ಅವರು ಖಂಡಿತ ಬಿಟ್ಟುಬಿಡ್ತಾರೆ.”

“ಹೋಗಿ ಬನ್ನಿ ಅಂದ್ರೆ,” ಎಂದರು ಪಾರ್ವತಮ್ಮ.

ರುದ್ರಪ್ಪ ನನ್ನ ಮೂಗನ್ನೇ ನೇರ ನೋಡುತ್ತ ಹೇಳಿದರು:

“ಅವನ ದನಿ ನಿಂಗೆ ಬರುತ್ತೆ. ನನ್ ದನಿನೂ ಇಷ್ಟೊತ್ತಿಗೆ ಕಲ್ತಿರ್ತೀಯ. ನಾನ್ ಹೇಳಿದ್ದು ಗೊತ್ತಿರೋನೂ ನೀನೇ, ಅವನ ಪರವಾಗಿ ಬಿಟ್ಟೋನೂ ನೀನೇ. ಮನೇಲಿ ಕೂತ್ಕೊಂಡು ಇಬ್ರುದ್ದೂ ನೀನೇ ಮಾತಾಡಿ ರಾಜಿ ಮಾಡ್ಕೋ ಮಾರಾಯ. ಮಧ್ಯೆ ನಾವಿಬ್ರು ಯಾಕೆ?”